ನೀರಿನ ಗಡಸುತನವೂ ಒಂದು ಲೆಕ್ಕವೂ



ಕೆಲವು ಬಾವಿಗಳ ನೀರಿನಲ್ಲಿ ಸಾಬೂನು ನೊರೆಯೇಳದು, ಬೇಳೆ ಬೇಗ ಬೇಯದು, ಹಂಡೆಯ ಒಳಗೆ ಬಿಳಿಯ ಹೆಪ್ಪಳಿಕೆ ಕಟ್ಟುತ್ತದೆ. ಇದು ನಮ್ಮ ಗೃಹಿಣಿಯರು ಬಲ್ಲ ಸಂಗತಿಯೇ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಈ ಗಡಸುತನಕ್ಕೆ ಕಾರಣ. ಆದರೆ ಬಾಯ್ಲರನ್ನು ನಡೆಸುವವನಿಗೂ ಊರಿಗೆ ನೀರೊದಗಿಸುವವನಿಗೂ ಗಡಸೆಂದು ತಿಳಿದರೆ ಸಾಲದು. ಎಷ್ಟು ಗಡಸೆಂಬ ಅಂಕಿ ಬೇಕು.

1840ರ ದಶಕದಲ್ಲಿ ಅಬರ್ಡೀನಿನ ಥಾಮಸ್ ಕ್ಲಾರ್ಕ್ ಅವರು ಸಾಬೂನಿನಿಂದಲೇ ಈ ಅಳತೆಯನ್ನು ಮಾಡಿದರು. ನಿಲ್ಲುವ ನೊರೆ ಬರುವವರೆಗೆ ನೀರಿಗೆ ಸಾಬೂನಿನ ದ್ರಾವಣವನ್ನು ಹಾಕಿ ಕುಲುಕುವುದೇ ಆ ಕ್ರಮ. ಆದರೆ ಸಾಬೂನಿನ ವೆಚ್ಚವು ಗಡಸುತನಕ್ಕೆ ಸರಿಯಾದ ಪ್ರಮಾಣದಲ್ಲಿ ಏರುತ್ತಿರಲಿಲ್ಲ. ಮೆಗ್ನೀಸಿಯಂ ಇದ್ದರಂತೂ ಫಲಿತಾಂಶ ಮತ್ತಷ್ಟು ಸಂದಿಗ್ಧ. ಆದಕಾರಣ ಪರೀಕ್ಷಕನು ಪಟ್ಟಿಯೊಂದನ್ನು ನೋಡಿ ಅಂಕಿಯನ್ನು ತಿದ್ದಿಕೊಳ್ಳಬೇಕಾಗಿತ್ತು.

ಈ ತೊಡಕನ್ನು ಬಿಡಿಸಿದವರು 1904ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಿಸಿದ ಗೆರೋಲ್ಡ್ ಷ್ವಾರ್ಟ್ಸೆನ್‌ಬಾಕ್ ಅವರು. ಜ್ಯೂರಿಕ್ ವಿಶ್ವವಿದ್ಯಾನಿಲಯದಲ್ಲಿ ಅವರ ಆಸಕ್ತಿಯೆಲ್ಲ ಆಮ್ಲಗಳ ಬಲದಲ್ಲಿಯೂ ವರ್ಣದ್ರವ್ಯಗಳ ಬಣ್ಣದಲ್ಲಿಯೂ ಇದ್ದಿತು. ಆ ದಾರಿಯಲ್ಲಿಯೇ ನಡೆದು, 1945ರಿಂದ ಮುಂದೆ, ಲೋಹದ ಕಣವನ್ನು ಏಡಿಯಂತೆ ಹಿಡಿಯುವ ಕೆಲವು ಆಮ್ಲಗಳನ್ನು ಕುರಿತು ಅವರು ಲೇಖನಗಳನ್ನು ಪ್ರಕಟಿಸಿದರು. ಇವುಗಳಲ್ಲಿ ಮುಖ್ಯವಾದ ಇ.ಡಿ.ಟಿ.ಎ. ಎಂಬುದು 1935ರಲ್ಲಿಯೇ ಜರ್ಮನಿಯಲ್ಲಿ ತಯಾರಾಗಿದ್ದ ವಸ್ತು. ಅದರ ಒಂದು ಅಣು ಕ್ಯಾಲ್ಸಿಯಮಿನದಾಗಲಿ ಮೆಗ್ನೀಸಿಯಮಿನದಾಗಲಿ ಒಂದೇ ಕಣವನ್ನು ಹಿಡಿಯುತ್ತದೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಆದರೆ ಹಿಡಿತವು ಪೂರ್ಣವಾದುದನ್ನು ಕಣ್ಣಿಗೆ ಕಾಣಿಸುವ ಬಗೆ ಹೇಗೆ? ಇಲ್ಲಿ ವರ್ಣದ್ರವ್ಯಗಳ ಪರಿಚಯ ಒದಗಿಬಂದಿತು. 1948ರಲ್ಲಿ ಅವರೂ ಬೀಡರ್‌ಮನ್ ಅವರೂ ಉಣ್ಣೆಗೆ ಹಾಕುವ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಎಂಬ ಬಣ್ಣವನ್ನು ಸೂಚಕವನ್ನಾಗಿ ಬಳಸಿದರು. ಕ್ಷಾರಗುಣ ಕೊಟ್ಟ ಗಡಸು ನೀರಿನಲ್ಲಿ ಅದು ಕೆಂಪು. ಲೋಹವೆಲ್ಲ ಸೆರೆಯಾದೊಡನೆ ನೀಲಿ.

ಈಗ ಲೆಕ್ಕವನ್ನು ನೋಡಿರಿ. ದ್ರಾವಣದ ಸಾಂದ್ರತೆ 0.01 ಮೋಲಾರ್ ಆಗಿದ್ದರೆ, ಅದರ 1 ಮಿಲಿಲೀಟರು 1 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮ. 50 ಮಿಲಿಲೀಟರು ನೀರಿಗೆ 12 ಮಿಲಿಲೀಟರು ಹಿಡಿದರೆ, 20ರಿಂದ ಗುಣಿಸಿ, ಲೀಟರಿಗೆ 240 ಮಿಲಿಗ್ರಾಂ ಎನ್ನಬಹುದು. ಪಟ್ಟಿ ಬೇಡ, ತಿದ್ದುಪಡಿ ಬೇಡ. ಶಾಲೆಯ ಬಾಲಕನೂ ಮಾಡಬಲ್ಲ ಗುಣಾಕಾರ.

ಲೆಕ್ಕವು ಇಷ್ಟು ಹಗುರವಾದುದು ಗಣಿತದ ಚಾತುರ್ಯದಿಂದಲ್ಲ, ಅಣುವಿನ ನಡತೆಯನ್ನು ಬಹುಕಾಲ ತಾಳ್ಮೆಯಿಂದ ನೋಡಿದುದರಿಂದ. ಬಣ್ಣವೇಕೆ ಬದಲಾಗುತ್ತದೆಂದು ಕೇಳುತ್ತ ಕುಳಿತವನನ್ನು ಇದರಿಂದ ಊರಿಗೇನು ಪ್ರಯೋಜನವೆಂದು ನಾವು ಆಕ್ಷೇಪಿಸುವುದುಂಟು. ಅಂತಹ ಆಕ್ಷೇಪಕ್ಕೆ ನೀರಿನ ಪ್ರಯೋಗಶಾಲೆಗಳಲ್ಲಿ ಇಂದಿಗೂ ಕೆಂಪಿನಿಂದ ನೀಲಿಗೆ ತಿರುಗುವ ಆ ಹನಿಯೇ ಉತ್ತರ.