ಸ್ತ್ರೀರೋಗಗಳೂ ಮೂಲಿಕಾವೈದ್ಯವೂ



ಜನನ, ಮರಣ, ರಜಸ್ಸು ಮೊದಲಾದ ಪಂಚಸೂತಕಗಳು ಲಿಂಗಧಾರಿಗಳಿಗಿಲ್ಲವೆಂಬುದು ಶರಣರ ನಿರ್ಣಯವು. ಮುಟ್ಟು ಮೈಲಿಗೆಯಲ್ಲವೆಂದ ಮೇಲೆ ಅದರ ರೋಗವೂ ಮುಚ್ಚಿಡತಕ್ಕ ವಿಷಯವಲ್ಲ. ಆದರೂ ಈ ಹೊನ್ನಾಳಿ ಸೀಮೆಯಲ್ಲಾಗಲಿ, ಅನ್ಯತ್ರವಾಗಲಿ, ಲಜ್ಜೆಯಿಂದ ನೋವನ್ನು ನುಂಗಿಕೊಂಡು ಕಾಲಹರಣ ಮಾಡುವ ತಾಯಂದಿರುಂಟು. ಲಜ್ಜೆಯು ಭೂಷಣವೇ ಸರಿ. ರೋಗದಲ್ಲಿ ಅದೇ ಶತ್ರುವಾಗುವುದು.

ಪೂರ್ವಾಚಾರ್ಯರು ಈ ವಿಷಯದಲ್ಲಿ ಸಂಕೋಚಪಡಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 30ನೆಯ ಅಧ್ಯಾಯವು 20 ಯೋನಿವ್ಯಾಪತ್ತುಗಳನ್ನು ಹೆಸರಿಸಿ ಚಿಕಿತ್ಸೆಯನ್ನು ವಿಧಿಸಿದೆ. ಅಸೃಗ್ದರಕ್ಕೆ, ಅರ್ಥಾತ್ ಮುಟ್ಟಿನ ಅತಿಸ್ರಾವಕ್ಕೆ, ಅಶೋಕದ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಕೊಡುವುದು ವೈದ್ಯಸಂಪ್ರದಾಯವು. ಬಾಣಂತಿಯ ಎದೆಹಾಲಿಗೆ ಶತಾವರಿಯ ಬೇರನ್ನು ಹೇಳಿರುವರು. ಒಂದೇ ಬುಡದಲ್ಲಿ ಅನೇಕ ಗೆಡ್ಡೆಗಳು ಗೊಂಚಲಾಗಿರುವುದರಿಂದ ಕನ್ನಡಿಗರು ಅದನ್ನು ‘ಹಲವು ಮಕ್ಕಳ ತಾಯಿಬೇರು’ ಎಂದು ಕರೆದರು.

ಆದರೆ ಹೆಸರೊಂದೇ ಆದ ಮಾತ್ರಕ್ಕೆ ಗುಣವೊಂದೇ ಅಲ್ಲ. ಬೀದಿಯ ಬದಿಯಲ್ಲಿ ಕಂಬದಂತೆ ನೆಟ್ಟಗೆ ಬೆಳೆದು ಅಶೋಕವೆನಿಸಿಕೊಳ್ಳುವ ಮರವು ಬೇರೆ. ನಿಜಾಶೋಕವು ಪಶ್ಚಿಮಘಟ್ಟದ ಕಾಡುಗಳಲ್ಲಿ ಬೆಳೆಯತಕ್ಕದ್ದು. ಅದರ ಎಳೆಯ ಚಿಗುರು ಜೋಲುವುದು, ಹೂಗೊಂಚಲು ಕಿತ್ತಳೆಗೆಂಪು. ತೊಗಟೆಯ ಆಶೆಯಿಂದ ಸುಲಿದು ಕಡಿದುದರಿಂದ ಅದು ವಿರಳವಾಗಿದೆ. ಕಂಬದ ಮರದ ತೊಗಟೆಯು ಅದರ ಹೆಸರಿನಲ್ಲಿ ಬೆರಕೆಯಾಗಿ ಮಾರಾಟಕ್ಕೆ ಬರುವುದುಂಟು. ಆದುದರಿಂದ ಬಲ್ಲವರಿಗೆ ತೋರಿಸದೆ ಕೊಳ್ಳಬಾರದು.

ಈ ವಿದ್ಯೆಯು ಗ್ರಂಥದಲ್ಲಿ ಮಾತ್ರವೇ ಉಳಿದುದಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು (1920-2018) ಅಕ್ಷರವನ್ನರಿಯದಿದ್ದರೂ ಅಜ್ಜಿಯಿಂದ ಕಲಿತು, ದ್ರವ್ಯಾಪೇಕ್ಷೆಯಿಲ್ಲದೆ 15,000ಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದರು. ಗರ್ಭಿಣಿಯರಿಗೆ ಮೂಲಿಕೆಯ ಔಷಧವನ್ನೂ ಕೊಡುತ್ತಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಕಾಯಕವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ?

ಮೂಲಿಕೆಗೂ ಎಲ್ಲೆಯುಂಟು. ಮುಟ್ಟು ನಿಂತ ವರುಷಗಳ ಮೇಲೆ ಮರಳಿ ರಕ್ತ ಕಂಡರೆ ಅದು ಗರ್ಭಕೋಶದ ಅರ್ಬುದದ ಸೂಚನೆಯಾಗಿರಬಹುದು. ಗರ್ಭಿಣಿಗೆ ರಕ್ತ ಕಂಡರೂ, ಹೆರಿಗೆಯ ಬಳಿಕ ಸ್ರಾವವು ನಿಲ್ಲದಿದ್ದರೂ ಪ್ರಾಣಾಪಾಯವು ಸಮೀಪವಿರುವುದು. ಆಗ ಕಷಾಯವನ್ನು ಕುದಿಸುತ್ತ ಕೂಡದೆ ತತ್‌ಕ್ಷಣವೇ ಆಸ್ಪತ್ರೆಗೆ ಒಯ್ಯಬೇಕು. ಗರ್ಭವನ್ನಿಳಿಸಲು ಎಕ್ಕ, ಚಿತ್ರಮೂಲಗಳನ್ನು ಬಳಸುವುದಂತೂ ಪ್ರಾಣಹಾನಿಕರವು. ಬಾಣಂತಿಗೆ ಕುಡಿಯುವ ನೀರನ್ನು ಕಡಿಮೆ ಮಾಡುವ ರೂಢಿಯೂ ಹಿತವಲ್ಲ. ಹಾಲೂಡುವವಳಿಗೆ ನೀರು ಹೆಚ್ಚಾಗಿಯೇ ಬೇಕು.

ಭಕ್ತರು ತಮ್ಮ ಹಿತ್ತಿಲಲ್ಲಿ ಒಂದು ತಾಯಿಬೇರನ್ನೂ, ಸ್ಥಳವಿದ್ದರೆ ಒಂದು ನಿಜಾಶೋಕವನ್ನೂ ನೆಡಲಿ. ತಾಯಂದಿರು ನೋವನ್ನು ಬಾಯಿಬಿಟ್ಟು ಹೇಳಲಿ. ಮನೆಯ ಗಂಡಸರು ಅದನ್ನು ಕಿವಿಗೊಟ್ಟು ಕೇಳಲಿ. ಔಷಧಗಳಲ್ಲಿ ಮೊದಲನೆಯದು ಅದೇ.

ಶಿವಾರ್ಪಣಮಸ್ತು.