ಹೊಂಡ ಎಲ್ಲಿ?



ಸಾಸ್ತಾನದ ಹೆದ್ದಾರಿ ಟೋಲ್ ದಾಟಿ ಈ ಸಭೆಗೆ ಬರುವಾಗ ನಿಮ್ಮಲ್ಲಿ ಎಷ್ಟು ಜನ ಕಕ್ಕಸು ಹುಡುಕಿದಿರೋ ಗೊತ್ತಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಶೌಚಾಲಯ ಅಂತ ಅಚ್ಚಾಗಿದೆ. ನನ್ನ ಬಾಯಿಗೆ ಕಕ್ಕಸೇ ಬರುವುದು, ಬೇಜಾರು ಮಾಡಿಕೊಳ್ಳಬೇಡಿ. ನನ್ನ ಅತ್ತಿಗೆ ಕೊಲ್ಲೂರಿಗೆ ಹೊರಟರೆ ಮಂಗಳೂರು ಬಿಟ್ಟ ಮೇಲೆ ಒಂದು ಗುಟುಕು ನೀರು ಕುಡಿಯುವುದಿಲ್ಲ. ಕಾರಣ ಹೆಂಗಸರಿಗೆ ಹೇಳಬೇಕಾಗಿಲ್ಲ.

ನಾರ್ವೆಯ 18 ಪ್ರವಾಸಿ ರಸ್ತೆಗಳ ಬದಿಯ ಕಕ್ಕಸುಗಳ ಬಗ್ಗೆ ನನಗಿಂತ ಚೆನ್ನಾಗಿ ತಿಳಿದವರು ಮಧ್ಯಾಹ್ನ ಮಾತಾಡಲಿದ್ದಾರೆ. ಉರೆಡ್‌ಪ್ಲಾಸೆನ್‌ನಲ್ಲಿ 2018ರಲ್ಲಿ ಕಡಲ ಎದುರು ಎದ್ದ, ಅಲೆಯಂತೆ ಬಾಗಿದ ಕಾಂಕ್ರೀಟು. ಟೋಕಿಯೊದ ಶಿಬುಯಾದಲ್ಲಿ 2020ರಲ್ಲಿ ವಾಸ್ತುಶಿಲ್ಪಿ ಶಿಗೆರು ಬಾನ್ ಕಟ್ಟಿದ, ಚಿಲಕ ಹಾಕಿದ ಕೂಡಲೆ ಮಬ್ಬಾಗುವ ಬಣ್ಣದ ಗಾಜು. ಕಣ್ತುಂಬ ನೋಡಿ, ನಾನೂ ನೋಡುತ್ತೇನೆ. ಆದರೆ ಆ ಚಿತ್ರಗಳೆಲ್ಲ ನೆಲದಿಂದ ಮೇಲಿನವು. ನಮ್ಮ ವಾಸ್ತುಶಿಲ್ಪದ ವಿದ್ಯೆ ದಾರಿ ತಪ್ಪಿದ್ದು ಅಲ್ಲೇ. ಶಿಬುಯಾದ ಅಡಿಯಲ್ಲಿ ಒಳಚರಂಡಿ ಇದೆ. ನಮ್ಮ ಹೆದ್ದಾರಿಯ ಅಡಿಯಲ್ಲಿ ಹೊಯ್ಗೆ ಇದೆ.

ಮೂವತ್ತು ವರ್ಷದ ಹಿಂದೆ, ಈಗಿನ ರಾಷ್ಟ್ರೀಯ ಹೆದ್ದಾರಿ 66 ಇನ್ನೂ 17 ಆಗಿದ್ದಾಗ, ಮರವಂತೆಗೆ ಒಂದು ಕಕ್ಕಸಿನ ನಕ್ಷೆ ಬರೆದೆ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚು, ಪಡುವಣಕ್ಕೊಂದು ಕಿಟಕಿ. ಒಳಗಿದ್ದವರಿಗೆ ಕಡಲು ಕಾಣಬೇಕು, ಹೊರಗಿದ್ದವರಿಗೆ ಅವರು ಕಾಣಬಾರದು. ಆ ಕಿಟಕಿಯ ಎತ್ತರದ ಲೆಕ್ಕಕ್ಕೇ ಹದಿನೈದು ದಿನ ಹೋಯಿತು. ಮೇಸ್ತ್ರಿ ನಕ್ಷೆಯನ್ನು ಜೀಪಿನ ಬಾನೆಟ್ಟಿನ ಮೇಲೆ ಹರಡಿ, ಗಾಳಿಗೆ ಹಾರದಂತೆ ನಾಲ್ಕು ಮೂಲೆಗೂ ಕಲ್ಲಿಟ್ಟು, ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು ಕೇಳಿದರು: "ಭಾರೀ ಲಾಯ್ಕ್ ಇತ್ತ್ ಮಾರಾಯ್ರೆ. ಹೊಂಡ ಎಲ್ಲ್ ತೆಗೂದು?"

ಈಚೆ ಸಮುದ್ರ, ಆಚೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ನನ್ನ ನಕ್ಷೆಯಲ್ಲಿ ಹೊಂಡವೇ ಇರಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಆ ಪ್ರಶ್ನೆ ಮಾತ್ರ ನನ್ನ ಹಿಂದೆ ಬಂತು.

ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿಯಾದದ್ದು ತಳಕ್ಕೆ ಕೂರುತ್ತದೆ, ನೀರು ಇಂಗುಗುಂಡಿಗೆ ಹೋಗಬೇಕು. ಜುಲೈ ತಿಂಗಳಲ್ಲಿ ಈ ಕರಾವಳಿಯ ತಗ್ಗಿನ ನೆಲ ಹೊಟ್ಟೆತುಂಬ ಕುಡಿದು ಕೂತಿರುತ್ತದೆ. ಇನ್ನೊಂದು ಬಕೆಟು ಸುರಿದರೆ ಬಂದ ದಾರಿಯಲ್ಲೇ ವಾಪಸು. ಬೇಸಗೆಯಲ್ಲಿ ಹೊಯ್ಗೆ ಸರಸರನೆ ಕುಡಿಯುತ್ತದೆ, ಕುಡಿದದ್ದನ್ನು ಪಕ್ಕದ ಮನೆಯ ಬಾವಿಗೆ ದಾಟಿಸುತ್ತದೆ. ಸೋರದ ತೊಟ್ಟಿ ಕಟ್ಟಿ ಲಾರಿಯಲ್ಲಿ ಸಾಗಿಸೋಣ ಅನ್ನುವವರು ಇಲ್ಲಿದ್ದಾರೆ, ನನ್ನ ಗೆಳೆಯರೇ. ಲಾರಿ ಎಲ್ಲಿ ಹೋಗಿ ಸುರಿಯುತ್ತದೆ ಅಂತ ಕೇಳಿದಾಗೆಲ್ಲ ಅವರು ಕಾಫಿ ತರಿಸುತ್ತಾರೆ. ದಿಬ್ಬ ಎಬ್ಬಿಸಿ ಅದರ ಮೇಲೆ ಇಂಗಿಸಬಹುದು ಎನ್ನುವ ವಾದವೂ ಇದೆ. ಆ ರಸ್ತೆಯ ಅಂಚಿನಲ್ಲಿ ದಿಬ್ಬಕ್ಕೆ ಜಾಗ? ನನಗೆ ಉತ್ತರ ಸಿಕ್ಕಿಲ್ಲ. ಸಿಕ್ಕಿದ್ದರೆ ಇಷ್ಟು ಹೊತ್ತು ನಿಮ್ಮ ತಲೆ ತಿನ್ನುತ್ತಿರಲಿಲ್ಲ.

ಸಂಘಟಕರು ಗಡಿಯಾರ ತೋರಿಸುತ್ತಿದ್ದಾರೆ. ಚಹಾದ ಹೊತ್ತಿಗೆ ಈ ಸಭಾಂಗಣದ ಹಿಂದಿನ ಕಕ್ಕಸಿಗೆ ಹೋಗುವವರು ಟ್ಯಾಂಕಿನ ಮುಚ್ಚಳ ಎಲ್ಲಿದೆ ನೋಡಿ, ಅಲ್ಲಿಂದ ಬಾವಿಗೆ ಹೆಜ್ಜೆ ಎಣಿಸಿಕೊಂಡು ಬನ್ನಿ. ನಾನು ಬೆಳಿಗ್ಗೆಯೇ ಎಣಿಸಿದ್ದೇನೆ. ಅದಕ್ಕೇ ಮೇಜಿನ ಮೇಲಿನ ಈ ಲೋಟ ಇನ್ನೂ ತುಂಬಿದೆ.