ಎಲ್ಲರಿಗೂ ಒಂದೇ ಹೆಬ್ಬಾಗಿಲು
(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಒಂದು ಶಾಲೆಯ ಚರಿತ್ರೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ನನಗೆ ಅಪ್ಪಣೆ ಮಾಡಿದ್ದಾರೆ. ನಮ್ಮ ಈ ಶಾಲೆಯ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಈ ಸಭೆಯಲ್ಲಿಯೇ ಕುಳಿತಿದ್ದಾರೆ. ಆದುದರಿಂದ ನಾನು ಬಹುದೂರದ ಒಂದು ಸರಕಾರಿ ಶಾಲೆಯ ಕಥೆಯನ್ನು ಆರಿಸಿಕೊಂಡಿದ್ದೇನೆ. ಅದಕ್ಕೊಂದು ಕಾರಣವುಂಟು, ಅದನ್ನು ಮೊದಲೇ ಒಪ್ಪಿಸಿಬಿಡುತ್ತೇನೆ.

ಮೂವತ್ತು ವರ್ಷಕ್ಕೂ ಮಿಕ್ಕಿ ಉಪಾಧ್ಯಾಯ ವೃತ್ತಿಯಲ್ಲಿದ್ದವನು ನಾನು. ವೃತ್ತಿಯ ಆರಂಭದ ದಿನಗಳಲ್ಲಿ ಒಮ್ಮೆ ಒಬ್ಬ ಹುಡುಗನ ತಂದೆಯನ್ನು ಕರೆಯಿಸಿ, “ಇವನ ತಲೆಗೆ ಓದು ಹತ್ತುವುದಿಲ್ಲ. ಸುಮ್ಮನೆ ಕಾಲ ಕಳೆಯುವುದರ ಬದಲು ಯಾವುದಾದರೂ ಅಂಗಡಿಗೆ ಸೇರಿಸಿರಿ” ಎಂದು ಹೇಳಿದೆ. ಆತ ಎದುರಾಡಲಿಲ್ಲ. “ಮಾಷ್ಟ್ರು ಹೇಳಿದ ಮೇಲೆ ಮುಗಿಯಿತಲ್ಲ” ಎಂದು ಕೈಮುಗಿದು ಹೊರಟುಹೋದ. ಮರುದಿನದಿಂದ ಹುಡುಗ ಶಾಲೆಗೆ ಬರಲಿಲ್ಲ. ಅವನಿಗೆ ಆಗ ಹನ್ನೊಂದು ವರ್ಷ. ಹನ್ನೊಂದು ವರ್ಷದ ಮಗುವಿನ ಭವಿಷ್ಯವನ್ನು ಹೀಗೆ ಒಂದು ಮಾತಿನಲ್ಲಿ ತೀರ್ಮಾನಿಸುವ ಅಧಿಕಾರವನ್ನು ನನಗೆ ಯಾರು ಕೊಟ್ಟಿದ್ದರು? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮುಂದೆ ಕಿಡ್‌ಬ್ರೂಕ್ ಶಾಲೆಯ ವೃತ್ತಾಂತವನ್ನು ಓದಿದಾಗ, ಇದೇ ಪ್ರಶ್ನೆಯನ್ನು ಒಂದು ದೇಶವೇ ಕೇಳಿಕೊಂಡಿತ್ತೆಂದು ತಿಳಿಯಿತು.

ಮಕ್ಕಳೇ, ಸೊನ್ನೆ ಡಿಗ್ರಿ ರೇಖಾಂಶವು ಹಾದುಹೋಗುವ ಗ್ರೀನಿಚ್ ಎಂಬ ಊರಿನ ಹೆಸರನ್ನು ನೀವು ಭೂಗೋಳದ ಪಾಠದಲ್ಲಿ ಓದಿದ್ದೀರಿ. ಕಿಡ್‌ಬ್ರೂಕ್ ಇರುವುದು ಅದರ ಸಮೀಪದಲ್ಲಿಯೇ, ಲಂಡನ್ ಮಹಾನಗರದ ಆಗ್ನೇಯ ಭಾಗದಲ್ಲಿ. ಒಂದು ಕಾಲಕ್ಕೆ ಹೊಲಗದ್ದೆಗಳಿದ್ದ ಪ್ರದೇಶ. ನಗರ ಬೆಳೆದಂತೆ ಸಾಲುಸಾಲು ಮನೆಗಳೆದ್ದು ಹೊರವಲಯದ ಬಡಾವಣೆಯಾಯಿತು. ಅಲ್ಲಿ 1954ರಲ್ಲಿ ಲಂಡನ್ ಕೌಂಟಿ ಕೌನ್ಸಿಲು ಹೆಣ್ಣುಮಕ್ಕಳಿಗಾಗಿ ಒಂದು ಪ್ರೌಢಶಾಲೆಯನ್ನು ತೆರೆಯಿತು. ಅದು ಅಂತಿಂಥ ಶಾಲೆಯಲ್ಲ. ಸುಮಾರು 2,000 ಮಂದಿ ವಿದ್ಯಾರ್ಥಿನಿಯರಿಗೆಂದು ಯೋಜಿಸಿದ ಶಾಲೆ!

ಇಷ್ಟು ದೊಡ್ಡ ಶಾಲೆಯನ್ನು ಏಕೆ ಕಟ್ಟಿದರು? ಅದನ್ನು ತಿಳಿಯಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು. ಮಹಾಯುದ್ಧವು ಇನ್ನೂ ನಡೆಯುತ್ತಿದ್ದಾಗಲೇ, 1944ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟು ಒಂದು ಶಿಕ್ಷಣ ಶಾಸನವನ್ನು ಅಂಗೀಕರಿಸಿತು. ಆಗಿನ ಶಿಕ್ಷಣ ಸಚಿವ ಆರ್. ಎ. ಬಟ್ಲರರ ಹೆಸರಿನಿಂದ ಅದು ಪ್ರಸಿದ್ಧವಾಗಿದೆ. ಸರಕಾರಿ ಪ್ರೌಢಶಾಲೆಗಳಲ್ಲಿ ಶುಲ್ಕವಿರಕೂಡದು, ಎಲ್ಲ ಮಕ್ಕಳಿಗೂ ಪ್ರೌಢಶಿಕ್ಷಣ ದೊರೆಯಬೇಕು ಎಂದು ಆ ಶಾಸನ ವಿಧಿಸಿತು. 1947ರಲ್ಲಿ ಶಾಲೆ ಬಿಡುವ ವಯಸ್ಸನ್ನು 15ಕ್ಕೆ ಏರಿಸಿದರು. ಇದು ಮಹದುಪಕಾರವೇ ಸರಿ. ಆದರೆ ಕಾರ್ಯರೂಪಕ್ಕೆ ತರುವಾಗ ಬಹುತೇಕ ಕಡೆ ಮಕ್ಕಳನ್ನು ಬೇರ್ಪಡಿಸುವ ಪದ್ಧತಿಯೇ ನಿಂತಿತು. ಹನ್ನೊಂದನೆಯ ವಯಸ್ಸಿನ ಸುಮಾರಿಗೆ ಪ್ರತಿ ಮಗುವಿಗೂ ಒಂದು ಪರೀಕ್ಷೆ. ಅದಕ್ಕೆ ‘ಇಲೆವನ್ ಪ್ಲಸ್’ ಎಂದು ಹೆಸರು. ಅದರಲ್ಲಿ ಗೆದ್ದವರಿಗೆ ಗ್ರಾಮರ್ ಸ್ಕೂಲು. ಅಲ್ಲಿಂದ ವಿಶ್ವವಿದ್ಯಾಲಯದ ದಾರಿ. ಕೆಲವರಿಗೆ ತಾಂತ್ರಿಕ ಶಾಲೆ. ಉಳಿದ ಬಹುಸಂಖ್ಯಾತರಿಗೆ ‘ಸೆಕೆಂಡರಿ ಮಾಡರ್ನ್’ ಎಂಬ ಶಾಲೆ. ಐದರಲ್ಲಿ ಒಬ್ಬರು, ಹೆಚ್ಚೆಂದರೆ ನಾಲ್ವರಲ್ಲಿ ಒಬ್ಬರು, ಗ್ರಾಮರ್ ಶಾಲೆಗೆ ಹೋಗುತ್ತಿದ್ದರು.

ನಮ್ಮಲ್ಲಿ ‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂಬ ಗಾದೆಯುಂಟು. ಅವರ ನಂಬಿಕೆಯೂ ಇದೇ ಬಗೆಯದು. ಬುದ್ಧಿಯೆಂಬುದು ಹುಟ್ಟಿನಿಂದಲೇ ಬರುವ ವಸ್ತು, ಹನ್ನೊಂದು ವರ್ಷಕ್ಕೆ ಅದನ್ನು ನಿಖರವಾಗಿ ಅಳೆಯಬಹುದು ಎಂದು ಸಿರಿಲ್ ಬರ್ಟ್ ಮೊದಲಾದ ಮನಶ್ಶಾಸ್ತ್ರಜ್ಞರು ಪ್ರತಿಪಾದಿಸಿದ್ದರು. ಬರ್ಟರು ಬಹುಕಾಲ ಲಂಡನ್ ಕೌಂಟಿ ಕೌನ್ಸಿಲಿನಲ್ಲಿಯೇ ಉದ್ಯೋಗದಲ್ಲಿದ್ದವರು. ಅವರು ಅವಳಿ ಮಕ್ಕಳನ್ನು ಕುರಿತು ಪ್ರಕಟಿಸಿದ ಅಂಕಿಗಳು ನಂಬತಕ್ಕವಲ್ಲವೆಂದು 1970ರ ದಶಕದಲ್ಲಿ ಬಯಲಾಯಿತು. ಅದಕ್ಕೂ ಮೊದಲೇ, 1957ರಲ್ಲಿ, ಆ ದೇಶದ ರಾಷ್ಟ್ರೀಯ ಶಿಕ್ಷಣ ಸಂಶೋಧನ ಸಂಸ್ಥೆಯು ಪರೀಕ್ಷಿಸಿ ನೋಡಿ, ಆಯ್ಕೆಯನ್ನು ಎಷ್ಟೇ ಎಚ್ಚರದಿಂದ ನಡೆಸಿದರೂ ನೂರರಲ್ಲಿ ಸುಮಾರು ಹತ್ತು ಮಕ್ಕಳು ತಪ್ಪಾದ ಶಾಲೆಗೆ ಹೋಗುತ್ತಾರೆಂದು ತೋರಿಸಿತು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಗ್ರಾಮರ್ ಶಾಲೆಗಳು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿರಲಿಲ್ಲ. ಸ್ಥಳ ಹೆಚ್ಚಾಗಿದ್ದ ಊರಿನಲ್ಲಿ ತೇರ್ಗಡೆಯಾಗಬಹುದಾಗಿದ್ದ ಮಗು, ಸ್ಥಳ ಕಡಿಮೆಯಿದ್ದ ಊರಿನಲ್ಲಿ ಅಷ್ಟೇ ಅಂಕ ಪಡೆದು ನಪಾಸಾಗುತ್ತಿತ್ತು. ಹೆಣ್ಣುಮಕ್ಕಳಿಗೆ ಸ್ಥಳ ಕಡಿಮೆಯಿದ್ದ ಕಡೆಗಳಲ್ಲಿ ಅವರು ಹುಡುಗರಿಗಿಂತ ಹೆಚ್ಚು ಅಂಕ ಪಡೆಯಬೇಕಾಗಿತ್ತು. ಬುದ್ಧಿಯನ್ನು ಅಳೆಯುತ್ತೇವೆಂದು ಹೊರಟವರು ಕೊನೆಗೆ ಎಣಿಸಿದ್ದು ಬೆಂಚುಗಳನ್ನು! ಆದರೆ ನಪಾಸಾದ ಮಗುವಿಗೆ ಈ ಲೆಕ್ಕ ಹೇಗೆ ತಿಳಿಯಬೇಕು? ‘ನಾನು ದಡ್ಡ’ ಎಂಬುದೊಂದೇ ಅದರ ಮನಸ್ಸಿನಲ್ಲಿ ಉಳಿಯುತ್ತಿತ್ತು.

ಈ ವಿಂಗಡಣೆ ಬೇಡವೆಂದವರೂ ಇದ್ದರು. ವೇಲ್ಸ್ ಪ್ರಾಂತದ ಆಂಗ್ಲಸೀ ಎಂಬ ದ್ವೀಪದಲ್ಲಿ ಮಕ್ಕಳ ಸಂಖ್ಯೆಯೇ ಅಲ್ಪ. ಮೂರು ಬಗೆಯ ಶಾಲೆಗಳನ್ನು ನಡೆಸುವುದು ದುಸ್ತರ. ಅಲ್ಲಿನ ಹೋಲಿಹೆಡ್ ಊರಿನಲ್ಲಿ 1949ರಲ್ಲಿಯೇ ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕುಳಿತರು. ಇಂತಹ ಶಾಲೆಗೆ ಅವರು ‘ಕಾಂಪ್ರಿಹೆನ್ಸಿವ್’ ಎಂದು ಹೆಸರಿಟ್ಟರು. ಎಲ್ಲರನ್ನೂ ಒಳಗೊಳ್ಳುವ ಶಾಲೆ ಎಂದು ಅರ್ಥ. ಲಂಡನ್ ಕೌಂಟಿ ಕೌನ್ಸಿಲು ಕೂಡ 1947ರ ತನ್ನ ಯೋಜನೆಯಲ್ಲಿ ಇದೇ ಮಾರ್ಗವನ್ನು ಹಿಡಿದಿತ್ತು. ಪ್ರೌಢಶಾಲೆಯ ಮೇಲ್ತರಗತಿಗಳಿಗೆ ಸಾಕಷ್ಟು ಮಕ್ಕಳು ದೊರೆತು, ಎಲ್ಲ ವಿಷಯಗಳನ್ನೂ ಬೋಧಿಸಬೇಕಾದರೆ ಶಾಲೆ ದೊಡ್ಡದಾಗಿರಬೇಕೆಂಬುದು ಅವರ ಲೆಕ್ಕಾಚಾರ. ಹಾಗೆಂದೇ ಲಂಡನ್ನಿನಲ್ಲಿ ಈ ಉದ್ದೇಶಕ್ಕಾಗಿಯೇ ಹೊಸದಾಗಿ ಕಟ್ಟಿದ ಮೊದಲನೆಯ ಶಾಲೆಯಾದ ಕಿಡ್‌ಬ್ರೂಕ್ ಅಷ್ಟು ವಿಶಾಲವಾಯಿತು.

ಆದರೆ ಬಾಗಿಲು ತೆರೆಯುವ ಮೊದಲೇ ವಿಘ್ನವೊಂದು ಎದುರಾಯಿತು. ಸಮೀಪದ ಎಲ್ಟಮ್ ಹಿಲ್ ಎಂಬ ಬಾಲಿಕಾ ಗ್ರಾಮರ್ ಶಾಲೆಯನ್ನು ಮುಚ್ಚಿ, ಅಲ್ಲಿನ ವಿದ್ಯಾರ್ಥಿನಿಯರನ್ನೂ ಹೊಸ ಶಾಲೆಗೆ ಸೇರಿಸಬೇಕೆಂದು ಕೌನ್ಸಿಲು ಯೋಜಿಸಿತ್ತು. ಆ ಶಾಲೆಯ ಪೋಷಕರು ಇದನ್ನು ಪ್ರತಿಭಟಿಸಿ ಮನವಿ ಸಲ್ಲಿಸಿದರು. ಶಿಕ್ಷಣ ಸಚಿವೆ ಫ್ಲಾರೆನ್ಸ್ ಹಾರ್ಸ್‌ಬ್ರೋ ಅವರು 1954ರಲ್ಲಿ ತೀರ್ಪಿತ್ತರು: ಕಿಡ್‌ಬ್ರೂಕ್ ತೆರೆಯಬಹುದು, ಆದರೆ ಎಲ್ಟಮ್ ಹಿಲ್ ಶಾಲೆಯನ್ನು ಮುಚ್ಚಕೂಡದು.

ಆ ಪೋಷಕರನ್ನು ನಾನು ದೂಷಿಸಲಾರೆ. ತಮ್ಮ ಮಕ್ಕಳು ಕಷ್ಟಪಟ್ಟು ಪಡೆದ ಸ್ಥಾನ, ತಾವು ಪ್ರೀತಿಸಿದ ಶಾಲೆ; ಅದನ್ನು ಬಿಟ್ಟುಕೊಡೆವೆಂದರು. ಯಾವ ತಾಯಿತಂದೆಯಾದರೂ ಹೀಗೆಯೇ ಹೇಳಿಯಾರು. ಆದರೆ ಪರಿಣಾಮವೇನಾಯಿತು? ಎಲ್ಲರ ಶಾಲೆಯೆಂದು ಕಟ್ಟಿದ ಶಾಲೆಗೆ ಎಲ್ಲರೂ ಬರಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಮಕ್ಕಳಿಗೆ ಪಕ್ಕದಲ್ಲಿಯೇ ಇನ್ನೊಂದು ಬಾಗಿಲು ತೆರೆದೇ ಇತ್ತು. ಹಾಲಿನ ಕೆನೆಯನ್ನು ಬೇರೊಂದು ಪಾತ್ರೆಗೆ ತೆಗೆದಿರಿಸಿ, ಉಳಿದ ಹಾಲು ತೆಳ್ಳಗಿದೆಯೆಂದು ದೂರಿದರೆ ಅದು ಹಾಲಿನ ತಪ್ಪೇ?

ಇಂತಹ ಸ್ಥಿತಿಯಲ್ಲಿ ಶಾಲೆಯ ಹೊಣೆ ಹೊತ್ತವರು ಮೇರಿ ಗ್ರೀನ್ ಎಂಬ ಮುಖ್ಯೋಪಾಧ್ಯಾಯಿನಿ. 1954ರಿಂದ 1973ರವರೆಗೆ, ಹತ್ತೊಂಬತ್ತು ವರ್ಷಗಳ ಕಾಲ, ಅವರು ಆ ಸ್ಥಾನದಲ್ಲಿದ್ದರು. ಸಾವಿರಾರು ಮಕ್ಕಳ ನಡುವೆ ಒಂದೊಂದು ಮಗುವೂ ಕಳೆದುಹೋಗುವುದೆಂದು ಹೊರಗಿನವರು ಆಕ್ಷೇಪಿಸುತ್ತಿದ್ದ ಕಾಲವದು. ಒಂದೇ ಆವರಣದಲ್ಲಿ ಲ್ಯಾಟಿನ್ ಕಲಿಯುವ ಹುಡುಗಿಗೂ ಬಟ್ಟೆ ಹೊಲಿಯುವುದನ್ನು ಕಲಿಯುವ ಹುಡುಗಿಗೂ ಸಮಾನ ಗೌರವವಿರಬೇಕೆಂಬುದೇ ಇಂತಹ ಶಾಲೆಗಳ ತತ್ತ್ವ. ಅದು ಆರಂಭದಲ್ಲಿಯೇ ಪೂರ್ತಿಯಾಗಿ ಸಿದ್ಧಿಸಿತೆಂದು ಹೇಳಲಾಗದು. ಲಂಡನ್ನಿನ ಆ ಮೊದಲ ಶಾಲೆಗಳಲ್ಲಿ ಹೆಬ್ಬಾಗಿಲು ಒಂದೇ ಆದರೂ ಒಳಗೆ ಮಕ್ಕಳನ್ನು ಸಾಮರ್ಥ್ಯಕ್ಕನುಸಾರವಾಗಿ ಬೇರೆಬೇರೆ ತರಗತಿಗಳಲ್ಲಿ ಕುಳ್ಳಿರಿಸುತ್ತಿದ್ದರು. ಆದರೂ ಒಂದು ದೊಡ್ಡ ವ್ಯತ್ಯಾಸವಿತ್ತು. ತಡವಾಗಿ ಚಿಗುರಿದ ಮಗು ಒಂದು ಕೊಠಡಿಯಿಂದ ಎದ್ದು ಇನ್ನೊಂದು ಕೊಠಡಿಗೆ ಹೋಗಬಹುದಾಗಿತ್ತು. ಅದಕ್ಕಾಗಿ ಶಾಲೆಯನ್ನೇ ಬದಲಿಸಬೇಕಾಗಿರಲಿಲ್ಲ. 1968ರಲ್ಲಿ ಮೇರಿ ಗ್ರೀನ್ ಅವರಿಗೆ ‘ಡೇಮ್’ ಪದವಿಯ ಗೌರವ ಸಂದಿತು.

ಕಿಡ್‌ಬ್ರೂಕಿನಂತಹ ಶಾಲೆಗಳು ನಡೆಯಬಲ್ಲವೆಂದು ಕಂಡ ಮೇಲೆ ದೇಶದ ಧೋರಣೆಯೂ ಬದಲಾಯಿತು. 1965ರಲ್ಲಿ ಸಚಿವ ಆಂಟನಿ ಕ್ರಾಸ್‌ಲೆಂಡರು ‘10/65’ ಎಂಬ ಸುತ್ತೋಲೆಯನ್ನು ಹೊರಡಿಸಿ, ಎಲ್ಲ ಸ್ಥಳೀಯ ಶಿಕ್ಷಣಾಧಿಕಾರಗಳೂ ಈ ಮಾದರಿಗೆ ಬರಲು ಯೋಜನೆ ತಯಾರಿಸಬೇಕೆಂದು ಕೇಳಿಕೊಂಡರು. 1970ರ ದಶಕದಲ್ಲಿ ಎಲ್ಟಮ್ ಹಿಲ್ ಶಾಲೆಯೂ ಕಾಂಪ್ರಿಹೆನ್ಸಿವ್ ಆಯಿತು. ಇಂದು ಇಂಗ್ಲೆಂಡಿನ ಬಹುಪಾಲು ಸರಕಾರಿ ಪ್ರೌಢಶಾಲೆಗಳು ಇದೇ ಬಗೆಯವು. ಕೆಂಟ್, ಬಕಿಂಗ್‌ಹ್ಯಾಮ್‌ಶೈರ್ ಮೊದಲಾದ ಕೆಲವು ಕಡೆ ಮಾತ್ರ ಹಳೆಯ ಪರೀಕ್ಷೆ ಇನ್ನೂ ಉಳಿದಿದೆ.

ಕಿಡ್‌ಬ್ರೂಕ್ ಶಾಲೆಯೂ ಕಾಲಕ್ರಮದಲ್ಲಿ ಬದಲಾಯಿತು. ಹುಡುಗರಿಗೂ ಪ್ರವೇಶ ದೊರೆಯಿತು. 1968ರಿಂದ 1972ರವರೆಗೆ ಸಮೀಪದಲ್ಲಿ ಫೆರಿಯರ್ ಎಂಬ ದೊಡ್ಡ ವಸತಿ ಸಮುಚ್ಚಯವೆದ್ದಿತು. ಮುಂದೆ ಅಲ್ಲಿ ಬಡತನ ತುಂಬಿ, 2009ರಿಂದೀಚೆಗೆ ಅದನ್ನು ಕೆಡವಿದರು. 2005ರಲ್ಲಿ ಈ ಶಾಲೆ ಇನ್ನೊಂದು ಕಾರಣದಿಂದ ದೇಶದ ಗಮನ ಸೆಳೆಯಿತು. ಜೇಮಿ ಆಲಿವರ್ ಎಂಬ ಪ್ರಸಿದ್ಧ ಪಾಕಪ್ರವೀಣನು ಅದರ ಅಡುಗೆಮನೆಗೆ ಬಂದು, ಮಕ್ಕಳ ಮಧ್ಯಾಹ್ನದ ಊಟಕ್ಕೆ ತಲೆಗೆ ಕೇವಲ 37 ಪೆನ್ಸಿನ ಸಾಮಗ್ರಿ ವೆಚ್ಚವಾಗುತ್ತಿದೆಯೆಂಬುದನ್ನು ಟೆಲಿವಿಷನ್ನಿನಲ್ಲಿ ಲೋಕಕ್ಕೆ ತೋರಿಸಿದನು. ನೋರಾ ಸ್ಯಾಂಡ್ಸ್ ಎಂಬ ಅಡುಗೆಯ ತಾಯಿ ಅವನ ಜೊತೆಗೆ ದುಡಿದು ಹೊಸ ಊಟವನ್ನು ಬಡಿಸಿದಳು. ಸರಕಾರವು ಎಚ್ಚೆತ್ತು ಶಾಲಾ ಊಟಕ್ಕೆ ಹೆಚ್ಚಿನ ಹಣವನ್ನು ಘೋಷಿಸಿತು. ಶಾಲೆಯ ಗಂಜಿಯನ್ನುಂಡು ಓದಿದ ನಮ್ಮ ಹಿರಿಯರಿಗೆ ಇದರ ಮಹತ್ತ್ವವನ್ನು ವಿವರಿಸಬೇಕಾಗಿಲ್ಲ. ಎಲ್ಲರ ಶಾಲೆಯೆಂದ ಮೇಲೆ ಪಾಠದಷ್ಟೇ ಪಂಕ್ತಿಯೂ ಮುಖ್ಯ.

ಪೋಷಕ ಬಂಧುಗಳೇ, ಈ ಕಥೆಯಿಂದ ನಾನು ಕಲಿತ ಪಾಠ ಎರಡು. ಮೊದಲನೆಯದನ್ನು ನಮ್ಮ ಬೇಸಾಯಗಾರರು ನನಗಿಂತ ಚೆನ್ನಾಗಿ ಬಲ್ಲರು. ನಮ್ಮ ಕಡೆಯ ಗದ್ದೆಗಳಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಿದ್ದವು. ಏಣೆಲಿನ ಕೊಯ್ಲಿನ ಕಾಲಕ್ಕೆ ಸುಗ್ಗಿಯ ಪೈರಿನಲ್ಲಿ ತೆನೆಯನ್ನು ಹುಡುಕುವ ರೈತನುಂಟೇ? ಅಡಕೆಯ ಸಸಿ ನೆಟ್ಟು ಮರುವರ್ಷವೇ ಗೊನೆ ಬಿಡಲಿಲ್ಲವೆಂದು ಯಾರಾದರೂ ಕಡಿದುಹಾಕುವರೇ? ಸಸಿಗೆ ತೋರುವ ತಾಳ್ಮೆಯನ್ನು ನಾವು ಮಗುವಿಗೂ ತೋರಬೇಕು. ನಾನು ಅಂದು ಆ ತಾಳ್ಮೆಯನ್ನು ತೋರಲಿಲ್ಲ.

ಎರಡನೆಯದು: ಸರಕಾರವು ಕಟ್ಟಡವನ್ನು ಕಟ್ಟೀತು, ಕಾನೂನನ್ನು ಮಾಡೀತು, ಆದರೆ ಒಂದು ಶಾಲೆ ಎಲ್ಲರ ಶಾಲೆಯಾಗುವುದು ನೆರೆಹೊರೆಯವರೆಲ್ಲರೂ ತಮ್ಮ ಮಕ್ಕಳನ್ನು ಅಲ್ಲಿಗೆ ಕಳುಹಿಸಿದಾಗ ಮಾತ್ರ. ಗಡಿನಾಡಿನಲ್ಲಿ ಕನ್ನಡ ಶಾಲೆಯನ್ನು ಉಳಿಸಿಕೊಂಡು ಬಂದ ನಿಮಗೆ ಈ ಮಾತು ನೇರವಾಗಿ ತಾಗುತ್ತದೆ. ಚುರುಕಾದ ಮಗುವನ್ನು ಬೇರೆಡೆಗೆ ಕಳುಹಿಸಿ, ‘ಇವನಿಗೆ ಕನ್ನಡ ಶಾಲೆ ಸಾಕು’ ಎಂದು ಇನ್ನೊಬ್ಬನನ್ನು ಇಲ್ಲಿ ಸೇರಿಸುವ ಮನೆಗಳು ನಮ್ಮಲ್ಲಿಯೂ ಉಂಟು. ಆ ಮನೆಯಲ್ಲಿ ಪ್ರಶ್ನೆಪತ್ರಿಕೆಯಿಲ್ಲದೆಯೇ ಒಂದು ಇಲೆವನ್ ಪ್ಲಸ್ ನಡೆದುಹೋಗಿರುತ್ತದೆ. ಆ ‘ಸಾಕು’ ಎಂಬ ಮಾತು ಮಗುವಿನ ಕಿವಿಗೆ ಬೀಳದಿರಲೆಂದು ಬೇಡುತ್ತೇನೆ.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು. ಕಿಡ್‌ಬ್ರೂಕ್ ಶಾಲೆಗೆ 2011ರಲ್ಲಿ ಕೊರೆಲ್ಲಿ ಕಾಲೇಜೆಂದೂ 2018ರಲ್ಲಿ ಹ್ಯಾಲಿ ಅಕಾಡೆಮಿಯೆಂದೂ ಹೆಸರಾಯಿತು. ಆ ಹ್ಯಾಲಿ ಎಂದರೆ ಧೂಮಕೇತುವಿನ ಎಡ್ಮಂಡ್ ಹ್ಯಾಲಿಯೇ. ಅವರ ಸಮಾಧಿ ಇರುವುದು ಶಾಲೆಗೆ ಸಮೀಪದ ಲೀ ಎಂಬಲ್ಲಿ. ಧೂಮಕೇತುವು 1758ರ ಸುಮಾರಿಗೆ ಮತ್ತೆ ಬರುವುದೆಂದು ಅವರು ಗಣಿಸಿ ಹೇಳಿದರು, 1742ರಲ್ಲಿ ತೀರಿಕೊಂಡರು. ಅವರು ಹೇಳಿದಂತೆಯೇ ಅದು ಬಂದಿತು. ಇನ್ನು ಬರುವುದು 2061ರಲ್ಲಿ. ನೀವು ಅದನ್ನು ಕಣ್ಣಾರೆ ಕಾಣುವಿರಿ. ಧೂಮಕೇತುವಿನ ದಾರಿಯನ್ನು ಗಣಿಸಬಹುದು, ಮಕ್ಕಳೇ. ನಿಮ್ಮ ದಾರಿಯನ್ನು ಹನ್ನೊಂದನೆಯ ವಯಸ್ಸಿಗೇ ಗಣಿಸಿ ಹೇಳಬಲ್ಲ ಉಪಾಧ್ಯಾಯನೂ ಇಲ್ಲ, ಪರೀಕ್ಷೆಯೂ ಇಲ್ಲ. ಯಾರಾದರೂ ಹಾಗೆ ಹೇಳಿದರೆ ನಂಬಬೇಡಿರಿ. ಮರುದಿನ ತಪ್ಪದೆ ಶಾಲೆಗೆ ಬನ್ನಿರಿ.